ದುದ್ದದ ದಾರಿಯಲ್ಲಿ ದುಡ್ಡಿನ ಲೆಕ್ಕ

ಕರ್ನಾಟಕದಲ್ಲಿ ದುದ್ದ ಎಂಬ ಹೆಸರಿನ ಊರು ಒಂದೇ ಅಲ್ಲ. ಹಾಸನ ತಾಲ್ಲೂಕಿನಲ್ಲೊಂದು ದುದ್ದ ಇದೆ, ಮಂಡ್ಯ ತಾಲ್ಲೂಕಿನಲ್ಲೊಂದು ದುದ್ದ ಇದೆ. ಎರಡೂ ಹೋಬಳಿ ಕೇಂದ್ರಗಳೇ. ಲಾರಿ ಬಾಡಿಗೆಗೆ ಮಾತಾಡುವವರು "ಯಾವ ದುದ್ದ?" ಎಂದು ಮೊದಲು ಕೇಳಿಕೊಳ್ಳದಿದ್ದರೆ ಲೋಡು ಒಂದು ಕಡೆ, ಲಾರಿ ಇನ್ನೊಂದು ಕಡೆ ಆದೀತು! ನಾವು ಹೊರಟಿರುವುದು ಮಂಡ್ಯದ ದುದ್ದಕ್ಕೆ.

ಮಂಡ್ಯ ಪೇಟೆಯಿಂದ ಶಿವಳ್ಳಿಯ ಮೇಲೆ ಮೇಲುಕೋಟೆಯ ಕಡೆಗೆ ಹೋಗುವ ರಸ್ತೆ ಹಿಡಿದರೆ ದುದ್ದ ಸಿಗುತ್ತದೆ. ವೈರಮುಡಿ ಜಾತ್ರೆಗೆ ಹೋಗುವ ಭಕ್ತರಿಗೆ ಇದು ಬಸ್ಸಿನ ಕಿಟಕಿಯಿಂದ ಕಂಡು ಮರೆಯಾಗುವ ಊರು. ಪ್ರವಾಸಿಗಳ ಕೈಪಿಡಿಯಲ್ಲಿ ಇದಕ್ಕೆ ಜಾಗವಿಲ್ಲ. ಆದರೆ ಮಂಡ್ಯ ಸೀಮೆ ಬದುಕುವ ಬಗೆಯನ್ನು ತಿಳಿಯಬೇಕೆನ್ನುವವರು ಇಂಥ ಊರಿನ ರಸ್ತೆಬದಿಯಲ್ಲಿ ಒಂದಿಷ್ಟು ಹೊತ್ತು ನಿಲ್ಲಬೇಕು. ತೆಂಗಿನ ಕಾಯಿ ಹೊತ್ತ ಲಾರಿ, ಹುಲ್ಲಿನ ಟ್ರಾಕ್ಟರು, ಬೆಲ್ಲದ ಗೂಡ್ಸ್ ಆಟೋ, ಇಟ್ಟಿಗೆ ತುಂಬಿದ ಟಿಪ್ಪರು ಎಲ್ಲವೂ ಇಂಥ ರಸ್ತೆಯಲ್ಲೇ ಹಾದುಹೋಗಬೇಕು. ಒಂದರ ಹಿಂದೆ "ತಂದೆ-ತಾಯಿಯ ಆಶೀರ್ವಾದ" ಎಂದಿದ್ದರೆ, ಇನ್ನೊಂದರ ಹಿಂದೆ "ಮಲೆ ಮಹದೇಶ್ವರ ಪ್ರಸನ್ನ" ಎಂದಿರುತ್ತದೆ. ಆಶೀರ್ವಾದವೂ ಇದೆ, ಪ್ರಸನ್ನತೆಯೂ ಇದೆ. ಸ್ಟಿಯರಿಂಗ್ ಹಿಂದೆ ಕುಳಿತವನಿಗೆ ಸಿಗಬೇಕಾದ ಕೂಲಿ ಸಿಗುತ್ತಿದೆಯೇ? ಈ ಪ್ರಶ್ನೆಯನ್ನು ಮಾತ್ರ ಯಾರೂ ಲಾರಿಯ ಹಿಂದೆ ಬರೆಸುವುದಿಲ್ಲ.

ನೀರು ಬಂತು, ಗಾಡಿ ಬಂತು

ಈ ಸೀಮೆಯ ಕತೆ ನಾಲೆಯಿಂದ ಶುರುವಾಗುತ್ತದೆ. 1911ರಲ್ಲಿ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಆರಂಭವಾಯಿತು. ಅಲ್ಲಿಂದ ಹೊರಟ ಇರ್ವಿನ್ ನಾಲೆ ಮುಂದೆ ವಿಶ್ವೇಶ್ವರಯ್ಯ ನಾಲೆ ಎಂದು ಹೆಸರು ಬದಲಿಸಿಕೊಂಡು ಮಂಡ್ಯ, ಮದ್ದೂರು, ಮಳವಳ್ಳಿಗಳ ನೆಲವನ್ನು ತೋಯಿಸಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಾರ್ಖಾನೆ ನಿಂತಿತು. 1939ರಲ್ಲಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ನೀರು ಬಂದ ಮೇಲೆ ಕಬ್ಬು ಬಂತು. ಕಬ್ಬು ಬಂದ ಮೇಲೆ ಅದನ್ನು ಸಾಗಿಸಲು ಗಾಡಿ ಬೇಕಾಯಿತು. ಮೊದಲು ಎತ್ತಿನ ಗಾಡಿ, ಆಮೇಲೆ ಟ್ರಾಕ್ಟರು ಮತ್ತು ಲಾರಿ.

ನಾಲೆಯ ನೀರು ಎಲ್ಲ ಹೊಲಕ್ಕೂ ಒಂದೇ ಸಮ ಮುಟ್ಟಲಿಲ್ಲ. ನೀರಿದ್ದ ಕಡೆ ಭತ್ತ, ಕಬ್ಬು. ಇಲ್ಲದ ಕಡೆ ರಾಗಿ, ಹುರುಳಿ, ಮಳೆಯ ನಂಬಿಕೆ. ಅಣ್ಣ-ತಮ್ಮಂದಿರ ನಡುವೆ ಜಮೀನು ಹಂಚಿ ಹಂಚಿ ಒಬ್ಬೊಬ್ಬರ ಪಾಲಿಗೆ ಉಳಿದದ್ದು ಕೆಲವೇ ಗುಂಟೆ. ಹೀಗಾದಾಗ ಮನೆಯ ಒಬ್ಬ ಹುಡುಗ ಬೆಂಗಳೂರಿನ ಕಾರ್ಖಾನೆಗೆ ಹೋಗುತ್ತಾನೆ, ಇನ್ನೊಬ್ಬ ಲಾರಿ ಹತ್ತುತ್ತಾನೆ. ಮೊದಲು ಕ್ಲೀನರ್, ಎರಡು ಮೂರು ವರ್ಷದಲ್ಲಿ ಡ್ರೈವರ್. ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಸ್ಟಿಯರಿಂಗ್ ನಂಬಿ ಸಂಸಾರ ಸಾಗಿಸುವವರು ಅಪರೂಪವೇನಲ್ಲ.

ಇಲ್ಲೊಂದು ವಿಚಿತ್ರ ಗಮನಿಸಿ. ಕಬ್ಬಿಗೆ ಕೇಂದ್ರ ಸರ್ಕಾರ ಪ್ರತಿ ವರ್ಷ ಒಂದು ಬೆಲೆ ಸಾರುತ್ತದೆ. 2025–26ರ ಹಂಗಾಮಿಗೆ ಶೇ. 10.25ರ ಇಳುವರಿಯ ಮೇಲೆ ಟನ್ನಿಗೆ 3,550 ರೂಪಾಯಿ ಎಂದು ಗೊತ್ತು ಮಾಡಿತ್ತು. ಆ ಬೆಲೆ ಸಾಲದು ಎಂದು ರೈತರು ಬೀದಿಗಿಳಿಯುತ್ತಾರೆ, ಮಂತ್ರಿಗಳು ಸಭೆ ಕರೆಯುತ್ತಾರೆ, ಪತ್ರಿಕೆಗಳು ಬರೆಯುತ್ತವೆ. ಅದು ಆಗಲೇಬೇಕಾದದ್ದು. ಆದರೆ ಕಬ್ಬನ್ನೋ ಬೆಲ್ಲವನ್ನೋ ಎಳನೀರನ್ನೋ ಹೊತ್ತು ಓಡುವ ಡ್ರೈವರನ ಕೂಲಿ ಎಷ್ಟೆಂದು ಕೇಳಿ ನೋಡಿ. "ಮಾತಾಡ್ಕೊಂಡಂಗೆ" ಎಂಬ ಉತ್ತರ ಬರುತ್ತದೆ!

ಎಳನೀರಿನ ಜೊತೆ ಹೊರಟವನು

ದೂರದ ಓಟ ಎಂದರೇನು ಎಂದು ಅರಿಯಲು ದುದ್ದದಿಂದ ಮಂಡ್ಯಕ್ಕೆ ಹಿಂದಿರುಗಿ, ಅಲ್ಲಿಂದ ಮದ್ದೂರಿಗೆ ಹೋಗೋಣ. ಮದ್ದೂರು ಎಂದೊಡನೆ ವಡೆ ನೆನಪಾಗುವುದು ಸಹಜ. ಆದರೆ ಅಲ್ಲಿಯ ಕೃಷಿ ಉತ್ಪನ್ನ ಮಾರುಕಟ್ಟೆ ದೇಶದ ದೊಡ್ಡ ಎಳನೀರು ಮಾರುಕಟ್ಟೆಗಳಲ್ಲೊಂದು. ಸುತ್ತಲಿನ ತೋಟಗಳ ಎಳನೀರು ಇಲ್ಲಿ ಲಾರಿ ಏರಿ ಮುಂಬೈ, ಹೈದರಾಬಾದು, ದೆಹಲಿಗಳಿಗೆ ಹೋಗುತ್ತದೆ.

ಮುಂಬೈಗೆ ಹೋಗುವ ಲಾರಿ ಹುಲಿಯೂರುದುರ್ಗ, ಕುಣಿಗಲ್ ಹಾದು ತುಮಕೂರು ಸೇರಿ, ಅಲ್ಲಿಂದ ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ, ಪುಣೆ ಎಂದು ಸುಮಾರು ಸಾವಿರ ಕಿಲೋಮೀಟರ್ ಓಡಬೇಕು. ದೆಹಲಿಗಾದರೆ ಬೆಂಗಳೂರು, ಅನಂತಪುರ, ಕರ್ನೂಲು, ಹೈದರಾಬಾದು, ನಾಗಪುರ, ಝಾನ್ಸಿ, ಆಗ್ರಾ. ಎರಡು ಸಾವಿರ ಕಿಲೋಮೀಟರಿಗೂ ಮೇಲ್ಪಟ್ಟ ದಾರಿ. ಎಳನೀರು ಕಾಯುವ ಸರಕಲ್ಲ. ತಡವಾದಷ್ಟೂ ಬೆಲೆ ಇಳಿಯುತ್ತದೆ. ಆದ್ದರಿಂದ ಮಾಲು ಹಾಕಿಸಿದ ವ್ಯಾಪಾರಿಗೆ ಅವಸರ, ಬಾಡಿಗೆ ಒಪ್ಪಿದ ಮಾಲೀಕನಿಗೆ ಅವಸರ. ಇಬ್ಬರ ಅವಸರವೂ ಕೊನೆಗೆ ಬಂದು ಕೂರುವುದು ಡ್ರೈವರನ ಬಲಗಾಲಿನ ಮೇಲೆ.

ಹಿಂದೆ ರಾಷ್ಟ್ರೀಯ ಪರವಾನಗಿಯ ಲಾರಿಯಲ್ಲಿ ಇಬ್ಬರು ಚಾಲಕರಿರಬೇಕೆಂಬ ನಿಯಮವಿತ್ತು. ಒಬ್ಬ ಓಡಿಸುವಾಗ ಇನ್ನೊಬ್ಬ ಮಲಗಲಿ ಎಂಬುದು ಅದರ ಆಶಯ. 2018ರಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನು ಕೈಬಿಟ್ಟಿತು. ಈಗ ಎರಡನೆಯ ಡ್ರೈವರನನ್ನು ಕಳಿಸುವುದು ಮಾಲೀಕನ ಮನಸ್ಸಿಗೆ ಬಿಟ್ಟದ್ದು. ಖರ್ಚು ಉಳಿಸಲೆಂದು ಕ್ಲೀನರನನ್ನೂ ಬಿಟ್ಟು ಒಬ್ಬನನ್ನೇ ಕಳಿಸುವುದುಂಟು. ಹಗ್ಗ ಬಿಗಿಯುವುದು, ಟಾರ್ಪಾಲು ಹೊದಿಸುವುದು, ಪಂಕ್ಚರಾದರೆ ಸ್ಟೆಪ್ನಿ ಹಾಕುವುದು, ರಾತ್ರಿ ಡೀಸೆಲ್ ಕಳುವಾಗದಂತೆ ಕಾಯುವುದು, ಅಡಿಗೆ ಮಾಡಿಕೊಳ್ಳುವುದು ಎಲ್ಲಕ್ಕೂ ಆಗ ಅವನೊಬ್ಬನೇ.

ಸಂಬಳ, ಬಾಟಾ, ಮಿಕ್ಕಿದ್ದು

ಲಾರಿ ಡ್ರೈವರನ ಆದಾಯ ಸರ್ಕಾರಿ ನೌಕರನ ಸಂಬಳದ ಚೀಟಿಯಂತೆ ಒಂದೇ ಹಾಳೆಯಲ್ಲಿ ಓದಿ ಮುಗಿಸುವಂಥದ್ದಲ್ಲ. ಕೆಲವು ಕಡೆ ತಿಂಗಳ ಸಂಬಳ, ಅದರ ಮೇಲೆ ದಿನದ ಬಾಟಾ. ಕೆಲವು ಕಡೆ ಸಂಬಳವೇ ಇಲ್ಲ, ಟ್ರಿಪ್ಪಿಗೆ ಇಷ್ಟೆಂದು ಗೊತ್ತು. ಇನ್ನು ಕೆಲವರಿಗೆ ಕಿಲೋಮೀಟರಿನ ಲೆಕ್ಕ. ಬಾಡಿಗೆಯಲ್ಲಿ ಪಾಲು ಕೊಡುವವರೂ ಇದ್ದಾರೆ.

ಹೊರಡುವಾಗ ಮಾಲೀಕ ಒಂದು ಮೊತ್ತವನ್ನು ಮುಂಗಡವಾಗಿ ಕೊಡುತ್ತಾನೆ. ದಾರಿಯ ಸಣ್ಣಪುಟ್ಟ ರಿಪೇರಿ, ಲೋಡಿಂಗ್-ಅನ್‌ಲೋಡಿಂಗ್ ಕೂಲಿಯವರಿಗೆ ಕೊಡಬೇಕಾದದ್ದು, ಪಾರ್ಕಿಂಗು, ಅಲ್ಲಲ್ಲಿ ಕೈ ಚಾಚುವವರ ಮಾಮೂಲು ಎಲ್ಲವೂ ಅದರಲ್ಲೇ. ಹಿಂದಿರುಗಿದ ಮೇಲೆ ಲೆಕ್ಕ ಒಪ್ಪಿಸಬೇಕು. ರಸೀದಿ ಇದ್ದದ್ದು ಮಾಲೀಕನ ಖಾತೆಗೆ. ರಸೀದಿ ಇಲ್ಲದ್ದು? ಮಾಮೂಲಿಗೆ ರಸೀದಿ ಕೊಡುವವರನ್ನು ಈ ಲೋಕದಲ್ಲಿ ಇನ್ನೂ ಯಾರೂ ಕಂಡಿಲ್ಲ! ಮಾಲೀಕ ಒಪ್ಪಿದರೆ ಸರಿ, ಒಪ್ಪದಿದ್ದರೆ ಅದು ಡ್ರೈವರನ ಬಾಟಾದಿಂದ ಹೋಯಿತು.

ಬಾಟಾ ಎಂಬುದು ಹೆಸರಿಗೆ ಊಟದ ಖರ್ಚು. ಆದರೆ ಅದನ್ನು ಮನೆಯವರೂ ಡ್ರೈವರನೂ ಆದಾಯವೆಂದೇ ಎಣಿಸಿಕೊಂಡಿರುತ್ತಾರೆ. ಅಂದರೆ ಅವನು ಎರಡು ಹೊತ್ತು ಉಣ್ಣುವ ಕಡೆ ಒಂದು ಹೊತ್ತು ಉಂಡರೆ ಮನೆಗೆ ಹೆಚ್ಚು ಹಣ ಬರುತ್ತದೆ. ದಾರಿಯ ಬದಿಯಲ್ಲಿ ಲಾರಿ ನಿಲ್ಲಿಸಿ ಅದರ ಮರೆಯಲ್ಲಿ ಸ್ಟವ್ ಹಚ್ಚಿ ಅನ್ನ ಮಾಡಿಕೊಳ್ಳುವವರನ್ನು ನೀವು ಕಂಡಿರಬಹುದು. ಅದರ ಹಿಂದೆ ರುಚಿಯ ಮಾತಿಗಿಂತ ಉಳಿತಾಯದ ಮಾತೇ ದೊಡ್ಡದು.

ಮಕ್ಕಳಿಗೊಂದು ಲೆಕ್ಕ

ವಿದ್ಯಾರ್ಥಿಗಳು ಈಗ ಒಂದು ಕಾಗದ, ಪೆನ್ಸಿಲು ತೆಗೆದುಕೊಳ್ಳಲಿ. ಲೆಕ್ಕ ಸುಲಭವಾಗಲೆಂದು ಒಬ್ಬ ಡ್ರೈವರನಿಗೆ ಎಲ್ಲ ಸೇರಿ ತಿಂಗಳಿಗೆ 24,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಇದು ನಾವು ಹಿಡಿದುಕೊಂಡ ಸಂಖ್ಯೆ ಮಾತ್ರ. ನಿಮಗೆ ಗೊತ್ತಿರುವ ಬೇರೆ ಮೊತ್ತ ಹಾಕಿ ನೋಡಲೂಬಹುದು.

ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ಎಂದರೆ 208 ಗಂಟೆ. ಗಂಟೆಗೆ ಸುಮಾರು 115 ರೂಪಾಯಿ ಬಿತ್ತು. ಪರವಾಗಿಲ್ಲ ಎನ್ನುತ್ತೀರಿ. ಆದರೆ ದೂರದ ಓಟದ ಡ್ರೈವರ್ ಎಂಟು ಗಂಟೆಗೆ ಇಳಿಯುವುದಿಲ್ಲ. ಸೇವ್‌ಲೈಫ್ ಫೌಂಡೇಶನ್ ಎಂಬ ಸಂಸ್ಥೆ ಬೆಂಗಳೂರೂ ಸೇರಿ ಹತ್ತು ಸಾರಿಗೆ ಕೇಂದ್ರಗಳಲ್ಲಿ 1,217 ಚಾಲಕರನ್ನು ಮಾತಾಡಿಸಿ 2020ರಲ್ಲಿ ವರದಿ ಪ್ರಕಟಿಸಿತು. ಅದರ ಪ್ರಕಾರ ಅವರು ದಿನಕ್ಕೆ ಸರಾಸರಿ ಸುಮಾರು 12 ಗಂಟೆ ಓಡಿಸುತ್ತಿದ್ದರು. ಈಗ 26ನ್ನು 12ರಿಂದ ಗುಣಿಸಿ. 312 ಗಂಟೆ. ಅದೇ 24,000ವನ್ನು ಭಾಗಿಸಿದರೆ ಗಂಟೆಗೆ 77 ರೂಪಾಯಿ!

ಮುಂದಿನ ಹೆಜ್ಜೆ ಇನ್ನೂ ಸ್ವಾರಸ್ಯದ್ದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಗೆರೆ ಎಳೆದಿತ್ತು. ದೂರದ ದಾರಿಯಾದರೆ ಅನುಮತಿ ಪಡೆದು ದಿನಕ್ಕೆ 10, ವಾರಕ್ಕೆ 54 ಗಂಟೆ. ಎಂಟನ್ನು ಮೀರಿದ ಗಂಟೆಗಳಿಗೆ ಇಮ್ಮಡಿ ಕೂಲಿ. ಹಾಗೆ ನೋಡಿದರೆ ಹನ್ನೆರಡು ಗಂಟೆಯ ಓಟವೇ ಕಾನೂನಿಗೆ ಹೊರಗಿನದು. ಆದರೂ ಓಡಿಸಿಯಾದ ಮೇಲೆ ಲೆಕ್ಕ ಹಾಕಲೇಬೇಕಲ್ಲ! ಮೊದಲ 8 ಗಂಟೆಗೆ 8 ಗಂಟೆಯ ಕೂಲಿ. ಹೆಚ್ಚಿನ 4 ಗಂಟೆಗೆ ಇಮ್ಮಡಿಯಂತೆ ಇನ್ನೂ 8 ಗಂಟೆಯ ಕೂಲಿ. ಒಟ್ಟು 16 ಗಂಟೆಯ ಕೂಲಿ. ಎಂದರೆ ಎಂಟು ಗಂಟೆಯ ಕೆಲಸಕ್ಕೆ 24,000 ನ್ಯಾಯವಾದ ಸಂಬಳವೆಂದು ಒಪ್ಪಿದರೆ, ಹನ್ನೆರಡು ಗಂಟೆ ಓಡಿಸಿದವನಿಗೆ 48,000 ಬರಬೇಕು. ಮೊತ್ತ ಯಾವುದೇ ಇರಲಿ, ಈ ಇಮ್ಮಡಿ ಬದಲಾಗುವುದಿಲ್ಲ.

"ಡ್ರೈವರಿಗೆ ಒಳ್ಳೇ ದುಡ್ಡು ಸಿಗ್ತದೆ" ಎನ್ನುವವರು ತಿಂಗಳ ಮೊತ್ತವನ್ನು ನೋಡಿ ಹಾಗೆನ್ನುತ್ತಾರೆ. ಗಂಟೆಯ ಮೊತ್ತ ಅವರ ಕಣ್ಣಿಗೆ ಬಿದ್ದಿರುವುದಿಲ್ಲ.

ಹದಿನೈದು ನಿಮಿಷದ ಗೆರೆ

ಮೇಲಿನ ಲೆಕ್ಕದಲ್ಲೂ ಒಂದು ದೊಡ್ಡ ಬಾಬ್ತು ಸೇರಿಲ್ಲ. ಅದು ಕಾಯುವ ಹೊತ್ತು. ಗೋದಾಮಿನ ಮುಂದೆ ಸರದಿಗಾಗಿ ಕಾಯಬೇಕು. ಹಮಾಲರು ಬರುವ ತನಕ ಕಾಯಬೇಕು. ಮಾಲು ಇಳಿಸಿದ ಮೇಲೆ ರಿಟರ್ನ್ ಲೋಡ್ ಸಿಗುವ ತನಕ ಟ್ರಾನ್ಸ್‌ಪೋರ್ಟ್ ಆಫೀಸಿನ ಬಾಗಿಲಲ್ಲಿ ಒಂದು ದಿನವೋ ಎರಡು ದಿನವೋ ಕಾಯಬೇಕು. ನಗರದೊಳಗೆ ಹಗಲು ಲಾರಿ ಬಿಡದಿದ್ದರೆ ರಾತ್ರಿಯಾಗುವ ತನಕ ಊರಾಚೆ ಕಾಯಬೇಕು. ಈ ಹೊತ್ತಿನಲ್ಲಿ ಅವನು ಮನೆಗೆ ಹೋಗುವ ಹಾಗಿಲ್ಲ, ಲಾರಿ ಬಿಟ್ಟು ಕದಲುವ ಹಾಗಿಲ್ಲ. ನೆಮ್ಮದಿಯಾಗಿ ಮಲಗುವ ಹಾಗೂ ಇಲ್ಲ.

"ಗಾಡಿ ಓಡುದ್ರೆ ಕಾಸು ಕಣಣ್ಣ, ನಿಂತ್ರೆ ಕೈಯಿಂದ್ಲೇ ಖರ್ಚು" ಎಂಬ ಮಾತು ಲಾರಿ ನಿಲ್ಲುವ ಯಾವ ಟೀ ಅಂಗಡಿಯಲ್ಲೂ ಕೇಳಬಹುದಾದದ್ದು. ದುದ್ದದ ಕಡೆಯ ನುಡಿಯಲ್ಲಿ ಅದು ಗಾದೆಯ ಹಾಗೆ ಕಿವಿಗೆ ಬೀಳುತ್ತದೆ. ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ ಪಡೆಯುವವನ ಪಾಲಿಗೆ ಇದು ಅಕ್ಷರಶಃ ನಿಜ.

ಕಾನೂನು ಇಲ್ಲಿ ಏನು ಹೇಳಿತ್ತು? 1961ರ ಆ ಕಾಯಿದೆ ಕೆಲಸದ ಹೊತ್ತು ಯಾವುದು ಎಂಬುದಕ್ಕೆ ಒಂದು ವ್ಯಾಖ್ಯೆ ಕೊಟ್ಟಿತ್ತು. ವಾಹನ ಓಡುವ ಹೊತ್ತು ಕೆಲಸ. ಅದಕ್ಕೆ ಹೊಂದಿಕೊಂಡ ಇತರ ಕೆಲಸದ ಹೊತ್ತೂ ಕೆಲಸ. ಇನ್ನು ತಂಗುದಾಣದಲ್ಲಿ ಸುಮ್ಮನೆ ಹಾಜರಿರುವ ಹೊತ್ತು? ಅದು ಹದಿನೈದು ನಿಮಿಷಕ್ಕೆ ಕಡಿಮೆಯಿದ್ದರೆ ಮಾತ್ರ ಕೆಲಸ! ವೇಳಾಪಟ್ಟಿಯಂತೆ ಓಡುವ ಬಸ್ಸಿಗೆ ಈ ಗೆರೆ ಹೊಂದಬಹುದು. ಯಾವಾಗ ಲೋಡು ಸಿಗುವುದೋ ಎಂದು ದಿನಗಟ್ಟಲೆ ಕೂರುವ ಲಾರಿಗೆ ಇದು ಹೇಗೆ ಹೊಂದೀತು? ಹದಿನಾಲ್ಕು ನಿಮಿಷ ಕಾದವನು ದುಡಿದವನು, ಹದಿನಾಲ್ಕು ಗಂಟೆ ಕಾದವನು ಸುಮ್ಮನೆ ಕೂತವನು ಎಂದಂತಾಯಿತು.

ನ್ಯಾಯದ ಪ್ರಶ್ನೆ ನಿಂತಿರುವುದು ಇಲ್ಲಿಯೇ. ಲಾರಿ ಡ್ರೈವರನಿಗೆ ಕಿಲೋಮೀಟರಿಗೆ ಎಷ್ಟು ಕೊಡುತ್ತಾರೆ ಎಂಬುದಷ್ಟೇ ಮುಖ್ಯವಲ್ಲ. ಅವನ ಬದುಕಿನ ಎಷ್ಟು ಗಂಟೆಗಳನ್ನು ಬಿಟ್ಟಿಯಾಗಿ ತೆಗೆದುಕೊಳ್ಳುತ್ತಾರೆ ಎಂಬುದು ಅದಕ್ಕಿಂತ ಮುಖ್ಯ.

ಇನ್ನೊಂದು ಸಂಗತಿ. ಆ ಕಾಯಿದೆ ಅನ್ವಯಿಸುತ್ತಿದ್ದುದು ಐವರು ಅಥವಾ ಹೆಚ್ಚು ಸಾರಿಗೆ ಕಾರ್ಮಿಕರಿರುವ ಸಂಸ್ಥೆಗಳಿಗೆ. ಒಂದೆರಡು ಲಾರಿ ಇಟ್ಟುಕೊಂಡವರು ಅದರ ಆಚೆಗೇ ಉಳಿದರು. ನಮ್ಮ ದೇಶದ ಲಾರಿಗಳ ಬಹುಪಾಲು ಇಂಥ ಸಣ್ಣ ಮಾಲೀಕರದ್ದೇ. 2025ರ ನವೆಂಬರ್ 21ರಿಂದ ಕೇಂದ್ರ ಸರ್ಕಾರ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಹಳೆಯ ಕಾಯಿದೆ ಅದರಲ್ಲಿ ಲೀನವಾಯಿತು. ವೇತನ ಸಂಹಿತೆಯಂತೆ ಕನಿಷ್ಠ ವೇತನ ಈಗ ಎಲ್ಲ ನೌಕರರಿಗೂ ಅನ್ವಯಿಸುತ್ತದೆ. ಹೆಚ್ಚುವರಿ ಗಂಟೆಗೆ ಇಮ್ಮಡಿ ಎಂಬ ಮಾತೂ ಉಳಿದಿದೆ. ಇದು ಒಳ್ಳೆಯದೇ. ಆದರೆ ದುಡಿಮೆಯ ಸುರಕ್ಷತೆ ಮತ್ತು ಸ್ಥಿತಿಗತಿಗಳ ಸಂಹಿತೆಯಲ್ಲಿ ಸಾರಿಗೆ ಸಂಸ್ಥೆಗೆ ಹತ್ತು ಕಾರ್ಮಿಕರ ಗೆರೆ ಇದೆ. ಐದು ಹತ್ತಾಯಿತು. ಸಣ್ಣ ಮಾಲೀಕನ ಡ್ರೈವರ್ ಗೆರೆಯ ಆಚೆಗೇ ನಿಂತಿದ್ದಾನೆ.

ಮಾಲೀಕನ ಮಾತೂ ಕೇಳಬೇಕು

ಹಾಗೆಂದು ಲಾರಿ ಮಾಲೀಕರೆಲ್ಲ ಡ್ರೈವರನ ಹೊಟ್ಟೆಯ ಮೇಲೆ ಹೊಡೆಯುವವರು ಎಂದು ತೀರ್ಮಾನಿಸಿದರೆ ಅನ್ಯಾಯವಾದೀತು. ಒಂದು ಲಾರಿಯ ಮಾಲೀಕ ಎಷ್ಟೋ ಸಲ ನಿನ್ನೆಯ ಡ್ರೈವರೇ ಆಗಿರುತ್ತಾನೆ. ಹೆಂಡತಿಯ ಒಡವೆ ಅಡವಿಟ್ಟು, ಫೈನಾನ್ಸಿನಲ್ಲಿ ಸಾಲ ತೆಗೆದು ಗಾಡಿ ಮಾಡಿರುತ್ತಾನೆ. ಬಾಡಿಗೆಯ ಹಣದಲ್ಲಿ ಸಿಂಹಪಾಲು ಡೀಸೆಲ್ಲಿಗೆ. ಆಮೇಲೆ ಟೋಲು, ಟೈರು, ಇನ್ಶೂರೆನ್ಸು, ತೆರಿಗೆ, ಎಫ್‌ಸಿ, ತಿಂಗಳ ಕಂತು. ಲೋಡು ಕೊಡಿಸಿದ ಏಜೆಂಟನ ಕಮಿಷನ್ನು ಬೇರೆ. ಬರುವಾಗ ಖಾಲಿ ಬಂದರೆ ಹೋಗುವಾಗಿನ ಲಾಭವೂ ಕರಗಿತು.

2025ರ ಏಪ್ರಿಲ್ 1ರಂದು ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿ ಲೀಟರಿಗೆ ಸುಮಾರು 2 ರೂಪಾಯಿ ಹೆಚ್ಚಾದಾಗ ಲಾರಿ ಮಾಲೀಕರು ಅದೇ ತಿಂಗಳು ಮುಷ್ಕರ ಹೂಡಿದರು. ಡೀಸೆಲ್ ಬಂಕಿನಲ್ಲಿ ಚೌಕಾಸಿ ನಡೆಯುವುದಿಲ್ಲ, ಟೋಲಿನಲ್ಲೂ ನಡೆಯುವುದಿಲ್ಲ. ಬ್ಯಾಂಕಿನ ಕಂತಿನಲ್ಲಂತೂ ಇಲ್ಲವೇ ಇಲ್ಲ. ಬಾಡಿಗೆ ಹೆಚ್ಚು ಕೇಳಿದರೆ ವ್ಯಾಪಾರಿ ಪಕ್ಕದ ಲಾರಿಯನ್ನು ಕರೆಯುತ್ತಾನೆ. ಇಷ್ಟೆಲ್ಲದರ ನಡುವೆ ಚೌಕಾಸಿಗೆ ಸಿಗುವ ಒಂದೇ ಒಂದು ಬಾಬ್ತು ಎಂದರೆ ಡ್ರೈವರನ ಕೂಲಿ. ಎಲ್ಲರಿಗೂ ಬಡಿಸಿ ಉಳಿದದ್ದು ಅವನ ಎಲೆಗೆ. ಯಾರೂ ಕೆಟ್ಟವರಾಗಬೇಕಿಲ್ಲ. ಸಾಲಿನ ಕೊನೆಯಲ್ಲಿ ಕೂತದ್ದೇ ಸಾಕು.

ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ನೋಡಿ. 2023ರ ಮಾರ್ಚ್ 12ರಂದು ಪ್ರಧಾನಿಯವರು ಮಂಡ್ಯಕ್ಕೆ ಬಂದು ಅದನ್ನು ಉದ್ಘಾಟಿಸಿದರು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳ ಹೊರಗಿಂದಲೇ ಹಾದುಹೋಗುವ ದಾರಿ. ಅದಕ್ಕೂ ಮೊದಲು, 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಗಡಿಯ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟುಗಳು ಹೋದವು. 2021ರ ಫೆಬ್ರವರಿಯಿಂದ ಟೋಲಿಗೆ ಫಾಸ್ಟ್ಯಾಗ್ ಕಡ್ಡಾಯವಾಯಿತು. ಇವೆಲ್ಲ ಓಟದ ಹೊತ್ತನ್ನು ಉಳಿಸುವ ಕೆಲಸಗಳು. ಆದರೆ ರಸ್ತೆಯಲ್ಲಿ ಉಳಿದ ಗಂಟೆ ಡ್ರೈವರನ ನಿದ್ದೆಗೆ ಸೇರುತ್ತದೆಂಬ ಭರವಸೆಯಿಲ್ಲ. ಅದನ್ನು ಇನ್ನೊಂದು ಟ್ರಿಪ್ಪಿಗೆ ಸೇರಿಸುವುದು ಬಲು ಸುಲಭ.

ಹೊರದೇಶದ ಎರಡು ಪಾಠ

ಈ ಸಮಸ್ಯೆ ನಮ್ಮಲ್ಲಿ ಮಾತ್ರ ಇದೆಯೇ? ಇಲ್ಲ. ಅಮೆರಿಕದಲ್ಲಿ 1938ರ ಕಾರ್ಮಿಕ ಕಾನೂನು ಹೆಚ್ಚುವರಿ ಗಂಟೆಗೆ ಒಂದೂವರೆ ಪಟ್ಟು ಕೂಲಿ ಎಂದಿತು. ಆದರೆ ರಾಜ್ಯದಿಂದ ರಾಜ್ಯಕ್ಕೆ ಸರಕು ಸಾಗಿಸುವ ದೊಡ್ಡ ಲಾರಿಗಳ ಚಾಲಕರನ್ನು ಅದರಿಂದ ಹೊರಗಿಟ್ಟಿತು. ಅಲ್ಲಿಯೂ ಮೈಲಿಯ ಲೆಕ್ಕದ ಕೂಲಿ, ಅಲ್ಲಿಯೂ ಗೋದಾಮಿನ ಮುಂದೆ ಬಿಟ್ಟಿ ಕಾಯುವಿಕೆ. 1990ರ ದಶಕದಲ್ಲಿ ಅಲ್ಲಿನ ಜೆ.ಬಿ. ಹಂಟ್ ಎಂಬ ದೊಡ್ಡ ಸಾಗಾಣಿಕೆ ಕಂಪನಿ ಡ್ರೈವರುಗಳ ಕೂಲಿಯನ್ನು ಮೂರನೆಯ ಒಂದು ಭಾಗಕ್ಕೂ ಹೆಚ್ಚಾಗಿ ಏರಿಸಿತು. ಸಂಶೋಧಕರು ಮುಂದೆ ಆ ಕಂಪನಿಯ ದಾಖಲೆಗಳನ್ನು ಪರಿಶೀಲಿಸಿದಾಗ, ಕೆಲಸ ಬಿಟ್ಟುಹೋಗುವವರ ಸಂಖ್ಯೆಯ ಜೊತೆಗೆ ಅಪಘಾತಗಳ ಪ್ರಮಾಣವೂ ಇಳಿದದ್ದು ಕಂಡುಬಂತು.

ಐರೋಪ್ಯ ಒಕ್ಕೂಟ ಇನ್ನೊಂದು ದಾರಿ ಹಿಡಿಯಿತು. ಅಲ್ಲಿನ 2006ರ ನಿಯಮದಂತೆ ದಿನಕ್ಕೆ 9 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ವಾರದಲ್ಲಿ ಎರಡು ದಿನ ಮಾತ್ರ 10 ಗಂಟೆಗೆ ಅವಕಾಶ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ. ಓಟದ ಹೊತ್ತನ್ನು ಲಾರಿಯೊಳಗಿನ ಯಂತ್ರವೇ ಬರೆದಿಡುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ರಸ್ತೆ ಸುರಕ್ಷತೆಗೆ ಧಕ್ಕೆ ತರುವಂತಿದ್ದರೆ ಕಿಲೋಮೀಟರಿನ ಮೇಲೆ ಅಥವಾ ಸಾಗಿಸಿದ ತೂಕದ ಮೇಲೆ ಡ್ರೈವರನಿಗೆ ಹಣ ಕೊಡುವುದನ್ನೇ ಆ ನಿಯಮ ನಿಷೇಧಿಸಿದೆ. ಕೂಲಿಯ ಲೆಕ್ಕ ಡ್ರೈವರನ ಮನೆಯ ವಿಷಯವಷ್ಟೇ ಅಲ್ಲ, ಎದುರಿನಿಂದ ಬರುವವರ ಪ್ರಾಣದ ವಿಷಯವೂ ಹೌದು ಎಂದು ಒಪ್ಪಿಕೊಂಡ ಕಾನೂನು ಅದು.

ನಮ್ಮ ದೇಶದಲ್ಲಿ 2022ರ ಒಂದೇ ವರ್ಷ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಮಂದಿ. ಎಲ್ಲಕ್ಕೂ ಲಾರಿಯೇ ಕಾರಣವಲ್ಲ, ಎಲ್ಲಕ್ಕೂ ನಿದ್ದೆಯೇ ಕಾರಣವೂ ಅಲ್ಲ. ಆದರೆ ಮೇಲೆ ಹೇಳಿದ ಸಮೀಕ್ಷೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಚಾಲಕರು ಆಯಾಸವಾದರೂ, ತೂಕಡಿಕೆ ಬಂದರೂ ಓಡಿಸುವುದಾಗಿ ಒಪ್ಪಿಕೊಂಡಿದ್ದರು. ಶಾಲೆಯ ಬಸ್ಸಿನಲ್ಲಿ, ಸ್ಕೂಟರಿನಲ್ಲಿ, ಸೈಕಲ್ಲಿನಲ್ಲಿ ಅದೇ ರಸ್ತೆಗಿಳಿಯುವ ನಮ್ಮೆಲ್ಲರಿಗೂ ಸಂಬಂಧಿಸಿದ ಮಾತಿದು.

ಅದೇ ಲೈಸೆನ್ಸು, ಬೇರೆ ಬದುಕು

ದುದ್ದದಂಥ ಊರಿನಲ್ಲಿ ಒಂದೇ ಬೀದಿಯ ಇಬ್ಬರು ಹುಡುಗರು ಹೆವಿ ಲೈಸೆನ್ಸ್ ಮಾಡಿಸಿದರು ಎನ್ನಿ. ಒಬ್ಬ ಕೆಎಸ್‌ಆರ್‌ಟಿಸಿಗೆ ಆಯ್ಕೆಯಾದ, ಇನ್ನೊಬ್ಬ ಲಾರಿ ಹತ್ತಿದ. ಇಬ್ಬರದೂ ಅದೇ ರಸ್ತೆ, ಅದೇ ಕ್ಲಚ್ಚು, ಅದೇ ಬ್ರೇಕು. ಮೊದಲನೆಯವನಿಗೆ ಡ್ಯೂಟಿ ಚಾರ್ಟು, ವಾರದ ರಜೆ, ಭವಿಷ್ಯನಿಧಿ, ಗ್ರಾಚ್ಯುಟಿ ಎಲ್ಲ ಉಂಟು. ಸಂಬಳ ಸಾಲದೆನಿಸಿದರೆ ಸಂಘವೂ ಉಂಟು. 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು ದಿನಗಟ್ಟಲೆ ಬಸ್ಸು ನಿಲ್ಲಿಸಿ ಮುಷ್ಕರ ಮಾಡಿದರು. 2023ರ ಮಾರ್ಚಿನಿಂದ ಅವರ ಮೂಲ ವೇತನ ಶೇ. 15ರಷ್ಟು ಏರಿತು. ಅವರಿಗೂ ಸಮಾಧಾನವಾಗಿದೆ ಎಂದಲ್ಲ. ಆದರೆ ಕೇಳಲು ಒಂದು ಬಾಗಿಲಿದೆ. ಲಾರಿ ಹತ್ತಿದವನು ಯಾವ ಬಾಗಿಲು ತಟ್ಟಬೇಕು? ಒಬ್ಬೊಬ್ಬನೂ ಒಂದೊಂದು ಊರಿನ ಹೊರವಲಯದಲ್ಲಿ ಒಂಟಿಯಾಗಿ ನಿಂತಿರುವಾಗ ಸಂಘ ಕಟ್ಟುವುದಾದರೂ ಹೇಗೆ?

ಒಟ್ಟಾಗಿ ನಿಂತಾಗ ಫಲ ಸಿಕ್ಕಿದ ಉದಾಹರಣೆ ಇಲ್ಲದಿಲ್ಲ. ಅಪಘಾತ ಮಾಡಿ ಓಡಿಹೋದರೆ ಹತ್ತು ವರ್ಷದವರೆಗೆ ಸೆರೆವಾಸ ಎಂಬ ಭಾರತೀಯ ನ್ಯಾಯ ಸಂಹಿತೆಯ ಉಪವಿಧಿಯನ್ನು ವಿರೋಧಿಸಿ 2024ರ ಜನವರಿಯಲ್ಲಿ ದೇಶದ ಹಲವೆಡೆ ಚಾಲಕರು ಲಾರಿ ನಿಲ್ಲಿಸಿದರು. ಆ ವರ್ಷ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಒಂದು ಉಪವಿಧಿಯನ್ನು ತಡೆಹಿಡಿಯಲಾಯಿತು. ಸರ್ಕಾರಗಳೂ ಸುಮ್ಮನೆ ಕೂತಿಲ್ಲ. ಮೋಟಾರು ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದು ಕರ್ನಾಟಕ 2024ರಲ್ಲಿ ಒಂದು ಕಾನೂನು ತಂದು, ಹೊಸ ವಾಹನಗಳ ನೋಂದಣಿಯ ಮೇಲೆ ಸೆಸ್ಸು ಹಾಕಿ ಅದಕ್ಕೆ ಹಣ ಒದಗಿಸಿತು. 2025ರ ಅಕ್ಟೋಬರ್ 1ರ ನಂತರ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಇರಬೇಕೆಂದು ಕೇಂದ್ರ ನಿಯಮ ಮಾಡಿತು. ಬೇಸಿಗೆಯಲ್ಲಿ ಇಂಜಿನ್ನಿನ ಪಕ್ಕ ಬೇಯುವವನಿಗೆ ಇದು ಸಣ್ಣ ಉಪಕಾರವಲ್ಲ. ಆದರೆ ತಂಪಾದ ಕ್ಯಾಬಿನ್ನಿನಲ್ಲೂ ಬಿಟ್ಟಿ ಗಂಟೆ ಬಿಟ್ಟಿ ಗಂಟೆಯೇ.

ಅದೇ 2020ರ ಸಮೀಕ್ಷೆಯ ಇನ್ನೊಂದು ಅಂಕಿ ತಂದೆ-ತಾಯಂದಿರು ಓದಬೇಕಾದದ್ದು. ಮಾತಾಡಿಸಿದ ಚಾಲಕರಲ್ಲಿ ಶೇ. 84ರಷ್ಟು ಮಂದಿ ತಮ್ಮ ಮನೆಯವರಿಗೆ ಈ ವೃತ್ತಿ ಬೇಡ ಎಂದರು. ಬೇಸಾಯಗಾರ ಮಗನಿಗೆ ಬೇಸಾಯ ಬೇಡ ಎನ್ನುವ ಕಾಲ ಇದು, ನಿಜ. ಆದರೆ ನೂರಕ್ಕೆ ಎಂಬತ್ತನಾಲ್ಕು ಮಂದಿ ತಮ್ಮ ಕಸುಬಿಗೆ ಬೆನ್ನು ತಿರುಗಿಸಿದ್ದಾರೆಂದರೆ ಆ ಕಸುಬಿನ ಕೂಲಿ ನ್ಯಾಯವಾದದ್ದೇ ಎಂದು ನಾವು ಬೇರೆ ಸಾಕ್ಷಿ ಹುಡುಕಬೇಕೆ?

ಕೇಳಲೇಬೇಕಾದ ಪ್ರಶ್ನೆಗಳು

ಇಷ್ಟಾದರೂ ಹುಡುಗರು ಲಾರಿ ಹತ್ತುತ್ತಲೇ ಇರುತ್ತಾರೆ. ಲಾರಿ ಓಡದಿದ್ದರೆ ನಮ್ಮ ಅಡಿಗೆಮನೆಯ ಡಬ್ಬಿಗಳು ವಾರದಲ್ಲಿ ಬರಿದಾಗುತ್ತವೆ. ಸಾರಿಗೆ ವಾಹನದ ಲೈಸೆನ್ಸಿಗೆ ಎಂಟನೇ ತರಗತಿ ಪಾಸಾಗಿರಬೇಕೆಂಬ ಷರತ್ತನ್ನು 2019ರಲ್ಲಿ ತೆಗೆದ ಮೇಲೆ ದಾರಿ ಇನ್ನೂ ಸಲೀಸಾಗಿದೆ. ವಯಸ್ಸು ಇಪ್ಪತ್ತಾಗಿರಬೇಕು, ಲಘು ವಾಹನದ ಲೈಸೆನ್ಸು ಪಡೆದು ಒಂದು ವರ್ಷವಾಗಿರಬೇಕು, ಅಷ್ಟೆ. ಕಸುಬು ಕೀಳಲ್ಲ. ಹತ್ತಾರು ಟನ್ ಹೊತ್ತ ಗಾಡಿಯನ್ನು ಘಟ್ಟ ಇಳಿಸುವುದು ಎಲ್ಲರಿಗೂ ಬರುವ ವಿದ್ಯೆಯೂ ಅಲ್ಲ.

ಆದ್ದರಿಂದ ಹುಡುಗ ಲಾರಿಗೆ ಹೋಗುತ್ತೇನೆ ಎಂದರೆ ಮನೆಯ ಹಿರಿಯರು "ತಿಂಗಳಿಗೆ ಎಷ್ಟು?" ಎಂದು ಕೇಳಿ ಸುಮ್ಮನಾಗಬಾರದು. ದಿನಕ್ಕೆ ಎಷ್ಟು ಗಂಟೆಗೆ ಅಷ್ಟು ಎಂದು ಕೇಳಬೇಕು. ಲೋಡಿಗೆ ಕಾಯುವ ದಿನಕ್ಕೆ ಬಾಟಾ ಉಂಟೋ ಇಲ್ಲವೋ? ಜೊತೆಗೆ ಎರಡನೆಯ ಡ್ರೈವರ್ ಇರುತ್ತಾನೋ? ಸಂಬಳ ಬ್ಯಾಂಕಿಗೆ ಬರುತ್ತದೋ, ಕೈಗೆ ಬರುತ್ತದೋ? ಇನ್ಶೂರೆನ್ಸ್ ಗಾಡಿಗೆ ಮಾತ್ರವೋ, ಓಡಿಸುವವನಿಗೂ ಇದೆಯೋ? ಮಾಲು ಕಡಿಮೆ ಬಂದರೆ, ಕನ್ನಡಿ ಒಡೆದರೆ ಯಾರ ಸಂಬಳದಲ್ಲಿ ಹಿಡಿಯುತ್ತಾರೆ? ಇವನ್ನು ಮೊದಲೇ ಕೇಳಿ, ಆದರೆ ಒಂದು ಹಾಳೆಯಲ್ಲಿ ಬರೆಸಿಕೊಳ್ಳುವುದು ಅವಮಾನದ ಮಾತಲ್ಲ. ಒಳ್ಳೆಯ ಮಾಲೀಕ ಇದಕ್ಕೆ ಬೇಸರಪಡುವುದಿಲ್ಲ.

ಊರಿಗೆ ಸರಕು ತರಿಸುವ ನಾವೂ ಒಂದು ಕೆಲಸ ಮಾಡಬಹುದು. ಮನೆ ಕಟ್ಟಲು ಸಿಮೆಂಟೋ ಅಂಗಡಿಗೆ ದಿನಸಿಯೋ ಹೊತ್ತು ಬಂದ ಲಾರಿಯನ್ನು ನಾಳೆ ಇಳಿಸೋಣ ಎಂದು ಬಾಗಿಲಲ್ಲಿ ನಿಲ್ಲಿಸುವ ಮೊದಲು, ಆ ರಾತ್ರಿಯ ಕೂಲಿ ಯಾರು ಕೊಡುತ್ತಾರೆ ಎಂದು ಯೋಚಿಸಬಹುದು.

ದುದ್ದದಲ್ಲಿ ಕಾಯಿ ತುಂಬಿಸಿಕೊಂಡ ಲಾರಿಯೊಂದು ಸಂಜೆ ಹೊರಡುವಾಗ ಕಾಯಿಗಳನ್ನು ಎಣಿಸಿಯೇ ಕಳಿಸುತ್ತಾರೆ. ಡೀಸೆಲ್ಲನ್ನು ಅಳೆದು ಹಾಕುತ್ತಾರೆ. ಕಿಲೋಮೀಟರು ಮೀಟರಿನಲ್ಲಿ ಬೀಳುತ್ತದೆ. ಎಣಿಸದೆ ಬಿಟ್ಟದ್ದು ಒಂದೇ, ಓಡಿಸುವವನ ಗಂಟೆಗಳು. ಅವನ್ನು ಎಣಿಸಲು ಶುರು ಮಾಡಿದ ದಿನ ಉಳಿದ ಲೆಕ್ಕ ತಾನಾಗಿಯೇ ಸರಿಹೋದೀತು.